ಓದುಗರ ಪ್ರಶ್ನೆ: ಬಾನುಲಿ ಯಾರ ದನಿ?

ಪ್ರಶ್ನೆ: ಸಾರ್ವಜನಿಕ ಪ್ರಸಾರ ಸಂಸ್ಥೆ, ಸರ್ಕಾರಿ ಪ್ರಸಾರ ಸಂಸ್ಥೆ ಇವೆರಡರ ವ್ಯತ್ಯಾಸ ಗುರುತಿಸುವುದು ಹೇಗೆ?

ಉತ್ತರ: ಹಣ ಬರುವ ದಾರಿಯನ್ನೂ ಮುಖ್ಯಸ್ಥರನ್ನು ನೇಮಿಸುವ ಕೈಯನ್ನೂ ನೋಡಿ. ನಾಜಿಗಳ ಕಾಲದಲ್ಲಿ ಜರ್ಮನಿಯ ರೇಡಿಯೊ ಪೂರ್ತಿಯಾಗಿ ಪ್ರಚಾರ ಸಚಿವಾಲಯದ ಹಿಡಿತದಲ್ಲಿತ್ತು. ಅದು ಮರುಕಳಿಸಬಾರದೆಂದು ಯುದ್ಧಾನಂತರ ಪಶ್ಚಿಮ ಜರ್ಮನಿಯಲ್ಲಿ ಪ್ರಸಾರವನ್ನು ಪ್ರದೇಶವಾರು ಹಂಚಿದರು. ಆ ಸಂಸ್ಥೆಗಳು 1950ರಲ್ಲಿ ಎಆರ್‌ಡಿ ಒಕ್ಕೂಟ ಕಟ್ಟಿಕೊಂಡವು. ಕೇಂದ್ರ ಸರ್ಕಾರ ತನ್ನದೇ ಟಿವಿ ಆರಂಭಿಸಲು ಹೊರಟಾಗ, 1961ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ತಡೆಯಿತು. 2013ರಿಂದ ಅಲ್ಲಿ ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ಶುಲ್ಕ. ಸಂಸ್ಥೆಗಳಿಗೆ ಎಷ್ಟು ಹಣ ಬೇಕೆಂದು ಲೆಕ್ಕಹಾಕಲು ಸ್ವತಂತ್ರ ಆಯೋಗವಿದೆ.

ಶುಲ್ಕವೊಂದೇ ಸಾಲದು. ಗ್ರೀಸಿನಲ್ಲಿ ಜನ ವಿದ್ಯುತ್ ಬಿಲ್ಲಿನೊಂದಿಗೆ ಶುಲ್ಕ ಕಟ್ಟುತ್ತಿದ್ದರು. ಆದರೂ 2013ರ ಜೂನ್ 11ರಂದು ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಇಆರ್‌ಟಿಯನ್ನು ಮುಚ್ಚುವುದಾಗಿ ಘೋಷಿಸಿದ ಸರ್ಕಾರ, ಅದೇ ರಾತ್ರಿ ಪ್ರಸಾರ ನಿಲ್ಲಿಸಿತು. ಮತ್ತೆ ತೆರೆದದ್ದು 2015ರಲ್ಲಿ.

ಪ್ರಶ್ನೆ: ಬಾನುಲಿ ಜನರ ಅಭಿರುಚಿಯನ್ನು ತಿದ್ದಬಲ್ಲದೇ?

ಉತ್ತರ: ಬೆಳೆಸಬಲ್ಲದು, ಹೇರಲಾರದು. ಆಕಾಶವಾಣಿಯ ಇತಿಹಾಸದಲ್ಲಿ ಈ ಎರಡಕ್ಕೂ ಪುರಾವೆ ಒಂದೇ ಅವಧಿಯಲ್ಲಿ ಸಿಗುತ್ತದೆ. 1952ರಿಂದ 1962ರವರೆಗೆ ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತಕ್ಕೆ ಮನ್ನಣೆ ಕೊಟ್ಟು ಚಿತ್ರಗೀತೆಗಳನ್ನು ದೂರವಿಟ್ಟರು. ಕೇಳುಗರು ವಾದಕ್ಕಿಳಿಯಲಿಲ್ಲ, ರೇಡಿಯೊದ ಮುಳ್ಳು ತಿರುಗಿಸಿದರು. ಸಿಲೋನ್ ರೇಡಿಯೊದ ಪ್ರಬಲ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗೆ ಗಡಿಯ ಹಂಗಿರಲಿಲ್ಲ. ಅಲ್ಲಿಂದ ಹಿಂದಿ ಚಿತ್ರಗೀತೆ ಮನೆಮನೆ ತಲುಪಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿ ಆರಂಭಿಸಬೇಕಾಯಿತು. ಹಾರ್ಮೋನಿಯಂ ಮೇಲೆ 1940ರಲ್ಲಿ ಹೇರಿದ ನಿಷೇಧವೂ ಇದೇ ಜಾತಿಯದು. ಅದು ಸುಮಾರು ಮೂರು ದಶಕ ಉಳಿಯಿತು. ಆ ವಾದ್ಯವಂತೂ ಭಜನೆ, ನಾಟಕ, ಕಛೇರಿ ಎಲ್ಲೂ ಮೂಲೆ ಸೇರಲಿಲ್ಲ.

ಆದರೆ ಕೇಸ್ಕರ್ ಅವಧಿಯ ಇನ್ನೊಂದು ಕೆಲಸಕ್ಕೆ ನಾವು ಋಣಿಗಳಾಗಿರಬೇಕು. 1952ರಲ್ಲಿ ಶುರುವಾದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ, 1954ರ ಆಕಾಶವಾಣಿ ಸಂಗೀತ ಸಮ್ಮೇಳನ ಇವು ಹಿಂದೂಸ್ತಾನಿ ಹಾಗೂ ಕರ್ನಾಟಕ ಸಂಗೀತಗಳೆರಡನ್ನೂ ದೇಶದ ಉದ್ದಗಲಕ್ಕೆ ಕೇಳಿಸಿದವು. ದಕ್ಷಿಣದ ಕೃತಿ ಉತ್ತರದ ಮನೆಯಲ್ಲಿ, ಉತ್ತರದ ಖಯಾಲ್ ದಕ್ಷಿಣದ ಮನೆಯಲ್ಲಿ ಸಭೆಯ ಟಿಕೆಟ್ಟಿಲ್ಲದೆ ಕೇಳಿಸತೊಡಗಿತು. ಸಂಸ್ಥೆ ಒಂದೇ, ಕಾಲವೂ ಒಂದೇ. ಬಾಗಿಲು ತೆರೆದ ಕಡೆ ರುಚಿ ಬೆಳೆಯಿತು, ಮುಚ್ಚಿದ ಕಡೆ ಕೇಳುಗರು ಎದ್ದು ಹೋದರು.

ಪ್ರಶ್ನೆ: ‘ಒಂದು ರಾಷ್ಟ್ರ’ ಎನ್ನುವಾಗ ಸಣ್ಣ ಭಾಷೆಗಳು ಕಳೆದುಹೋಗುವುದಿಲ್ಲವೇ?

ಉತ್ತರ: ವೇಳಾಪಟ್ಟಿಯಲ್ಲಿ ಜಾಗ ಕೊಡದಿದ್ದರೆ ಖಂಡಿತ ಕಳೆದುಹೋಗುತ್ತವೆ. ಸಾಮಾನ್ಯವಾಗಿ ಆಗುವ ತಪ್ಪು, ದೊಡ್ಡ ಭಾಷೆಯ ವಾಹಿನಿಯ ಸಂದಿಗೊಂದಿಗಳಲ್ಲಿ ಸಣ್ಣ ಭಾಷೆಯನ್ನು ತುರುಕುವುದು. ವೇಲ್ಸ್‌ನಲ್ಲಿ ಹೀಗೆ ಮಾಡಿದಾಗ ವೆಲ್ಷ್ ನುಡಿಯವರಿಗೆ ಹೊಟ್ಟೆ ತುಂಬಲಿಲ್ಲ, ಇಂಗ್ಲಿಷ್ ನುಡಿಯವರಿಗೆ ಕಿರಿಕಿರಿ. ಪ್ರತ್ಯೇಕ ವಾಹಿನಿಯ ಭರವಸೆಯಿಂದ ಸರ್ಕಾರ ಹಿಂದೆ ಸರಿದಾಗ, 1980ರಲ್ಲಿ ಗ್ವಿನ್ಫರ್ ಇವಾನ್ಸ್ ಎಂಬ ನಾಯಕ ಆಮರಣ ಉಪವಾಸದ ಎಚ್ಚರಿಕೆ ಕೊಟ್ಟರು. 1982ರಲ್ಲಿ ವೆಲ್ಷ್ ವಾಹಿನಿ ಎಸ್4ಸಿ ಬಂತು. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ತನ್ನ ಮಾತಿನ ಕಾರ್ಯಕ್ರಮಗಳಲ್ಲಿ ಕನಿಷ್ಠ ಶೇ 25ರಷ್ಟನ್ನು, ನಾರ್ವೆ ಭಾಷೆಯ ಎರಡು ಬರಹ ರೂಪಗಳಲ್ಲಿ ಕಡಿಮೆ ಬಳಕೆಯದಾದ ನ್ಯೂನೋರ್ಸ್ಕ್‌ನಲ್ಲಿ ಕೊಡಬೇಕೆಂಬ ನಿಯಮವಿದೆ. ಪಾಲು ಅಂಕಿಯಲ್ಲಿ ಬರೆದಿಟ್ಟರೆ ಮಾತ್ರ ಲೆಕ್ಕ ಕೇಳಬಹುದು.

ಪ್ರಶ್ನೆ: ಹಳೆಯ ಸ್ಪೂಲ್ ಟೇಪುಗಳಲ್ಲಿರುವ ಧ್ವನಿಮುದ್ರಣಗಳನ್ನು ಉಳಿಸುವುದು ಹೇಗೆ?

ಉತ್ತರ: ಮೊದಲು ಟೇಪಿನ ಜಾತಿ ತಿಳಿಯಿರಿ. ಸುರುಳಿಯನ್ನು ಬೆಳಕಿಗೆ ಹಿಡಿದಾಗ ಬೆಳಕು ಹಾಯ್ದು ಬಂದರೆ ಸಾಮಾನ್ಯವಾಗಿ ಅದು ಅಸಿಟೇಟ್. ಅದನ್ನು ಬಿಸಿ ಮಾಡಲೇಬಾರದು. ಎಪ್ಪತ್ತು, ಎಂಬತ್ತರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಟ್ಟ ಅಂಟು ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಪುಡಿ ಹೆಡ್‌ಗೆ ಮೆತ್ತಿಕೊಂಡು ಧ್ವನಿ ಶಾಶ್ವತವಾಗಿ ಹೋಗುತ್ತದೆ. ಇಂಥವನ್ನು ತಜ್ಞರು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಅಥವಾ ಇನ್ನೂ ಹೆಚ್ಚು ಹೊತ್ತು ಒಣಗಿಸುತ್ತಾರೆ. ಉಷ್ಣತೆ ಸ್ಥಿರವಾಗಿರುವ ಪೆಟ್ಟಿಗೆ ಬೇಕು; ಅಡುಗೆಮನೆಯ ಓವನ್ ಆಗದು. ಗುಣ ತಾತ್ಕಾಲಿಕ, ಕೆಲವು ವಾರ ಅಷ್ಟೆ. ಅಷ್ಟರೊಳಗೆ ಡಿಜಿಟಲ್ ಪ್ರತಿ ಆಗಬೇಕು: 24 ಬಿಟ್, ಸಾಧ್ಯವಾದರೆ 96 ಕಿಲೋಹರ್ಟ್ಸ್, ಎಂಪಿ3 ಅಲ್ಲದ ವೇವ್ ಕಡತ. ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿಡಿ. ಹಾಡಿದವರ ಹೆಸರು, ದಿನಾಂಕ, ಊರುಗಳನ್ನು ಕಡತದೊಂದಿಗೇ ದಾಖಲಿಸಿ. ಮೂಲ ಟೇಪನ್ನು ಎಸೆಯಬೇಡಿ.