ಸಂಶೋಧನಾ ಪೇಪರ್ ಬರೆಯುವುದನ್ನು ಕಲಿಸುವುದು ಹೇಗೆ?

ಪ್ರಶ್ನೆ: ನನ್ನ ಬಳಿ ನಾಲ್ವರು ಪಿಎಚ್.ಡಿ. ಮಾಡುತ್ತಿದ್ದಾರೆ. ಲ್ಯಾಬ್ ಕೆಲಸದಲ್ಲಿ ಎಲ್ಲರೂ ಚುರುಕು. ಪೇಪರ್ ಬರೆಯಿರಿ ಅಂದರೆ ಮಾತ್ರ ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ಕೊನೆಗೆ ಬಂದ ಡ್ರಾಫ್ಟನ್ನು ನಾನೇ ರಾತ್ರಿ ಕೂತು ಪೂರ್ತಿ ಹೊಸದಾಗಿ ಬರೆದು ಜರ್ನಲ್‌ಗೆ ಕಳಿಸುತ್ತೇನೆ. ಮುಂದಿನ ಪೇಪರ್‌ಗೆ ಮತ್ತೆ ಅದೇ ಕತೆ. ಏನು ಮಾಡಲಿ?

ಉತ್ತರ: ರಾತ್ರಿ ಕೂತು ಬರೆಯುವುದನ್ನು ಮೊದಲು ನಿಲ್ಲಿಸಿ. ನಾನೂ ಬಹಳ ವರ್ಷ ಹಾಗೇ ಮಾಡಿದೆ, ಅದಕ್ಕೇ ಹೇಳುತ್ತಿದ್ದೇನೆ. ಬೆಳಿಗ್ಗೆ ವಿದ್ಯಾರ್ಥಿಯ ಕೈಗೆ ಸಿಗುವುದು ಮುಗಿದ ಪೇಪರ್. ಯಾವ ಸಾಲನ್ನು ಯಾಕೆ ಹೊಡೆದುಹಾಕಿದಿರಿ, ಯಾವುದನ್ನು ಯಾಕೆ ಮೇಲಕ್ಕೆ ತಂದಿರಿ ಅನ್ನೋದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಲಿಯಬೇಕಾದದ್ದು ಅದೇ ಅಲ್ವಾ?

ಎರಡನೆಯದು, ಅವರು ಶುರುಮಾಡುವ ಜಾಗವೇ ತಪ್ಪಿರಬಹುದು. ಜಾಸ್ತಿ ಜನ ಇಂಟ್ರೊಡಕ್ಷನ್‌ನ ಮೊದಲ ಸಾಲಿನ ಮುಂದೆ ಕೂತು ಒದ್ದಾಡುತ್ತಾರೆ. ಗ್ರಾಫ್, ಟೇಬಲ್‌ಗಳನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಲು ಹೇಳಿ. ಪ್ರತಿಯೊಂದೂ ಏನು ತೋರಿಸುತ್ತದೆ ಅಂತ ಒಂದೇ ವಾಕ್ಯದಲ್ಲಿ ಹೇಳಿಸಿ. ಹೇಳಲು ಏನೂ ಇಲ್ಲದ ಗ್ರಾಫನ್ನು ಪಕ್ಕಕ್ಕಿಡಬಹುದು (ನಮ್ಮ ವಾದಕ್ಕೆ ಅಡ್ಡ ಬರುತ್ತದೆ ಅಂತ ಪಕ್ಕಕ್ಕಿಟ್ಟರೆ ಅದು ಮೋಸ, ಇದನ್ನೂ ಅವರಿಗೆ ಆಗಲೇ ಹೇಳಿಬಿಡಿ). ಉಳಿದವನ್ನು ಹಿಂದೆಮುಂದೆ ಮಾಡಿ ಜೋಡಿಸಿದರೆ ರಿಸಲ್ಟ್ಸ್ ಭಾಗದ ಹಂದರ ಸಿಕ್ಕಿತು. ಮೆಥಡ್ಸ್ ಅಂತೂ ಪ್ರಯೋಗ ನಡೆಯುತ್ತಿರುವಾಗಲೇ ಬರೆಸಿ. ಆರು ತಿಂಗಳಾದ ಮೇಲೆ ಯಾವ ದ್ರಾವಣ ಎಷ್ಟು ಹಾಕಿದ್ದೆ ಅಂತ ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಡಿಸ್ಕಷನ್, ಇಂಟ್ರೊಡಕ್ಷನ್. ಅಬ್‌ಸ್ಟ್ರಾಕ್ಟ್ (ಪೇಪರ್‌ನ ಸಾರಾಂಶ) ಕೊನೆಗೆ.

ಇನ್ನು ತಿದ್ದುವ ಕೆಲಸ. ವಾರಕ್ಕೊಂದು ಗಂಟೆ, ಒಂದೇ ಪ್ಯಾರಾ, ಪಕ್ಕದಲ್ಲಿ ಕೂರಿಸಿಕೊಂಡು. ಕೀಬೋರ್ಡ್ ಅವರ ಕೈಯಲ್ಲೇ ಇರಲಿ, ನೀವು ಬರೀ ಪ್ರಶ್ನೆ ಕೇಳಿ. ‘ಉಷ್ಣತೆ ಏರಿಸಿದಾಗ ಕಿಣ್ವದ ವೇಗದಲ್ಲಿ ಸಿಗ್ನಿಫಿಕೆಂಟ್ ಬದಲಾವಣೆ ಕಂಡುಬಂತು’ ಅಂತ ಬರೆದಿದ್ದಾರೆ ಅಂದುಕೊಳ್ಳಿ. ಎಷ್ಟರಿಂದ ಎಷ್ಟಕ್ಕೆ ಏರಿಸಿದೆ? ವೇಗ ಹೆಚ್ಚಿತಾ, ಇಳಿಯಿತಾ? ಎಷ್ಟು? ಸಿಗ್ನಿಫಿಕೆಂಟ್ ಅಂದೆಯಲ್ಲ, ಯಾವ ಟೆಸ್ಟ್ ಮಾಡಿ ನೋಡಿದೆ? ಆ ಪದಕ್ಕೆ ಪೇಪರ್‌ನಲ್ಲಿ ಸಂಖ್ಯಾಶಾಸ್ತ್ರದ ಅರ್ಥ ಇದೆ: ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬಂದದ್ದು ಅನ್ನುವುದು ಕಷ್ಟ ಅಂತ, ‘ದೊಡ್ಡದು’ ಅಂತಲ್ಲ. ತೀರಾ ಸಣ್ಣ ವ್ಯತ್ಯಾಸವೂ ಸಿಗ್ನಿಫಿಕೆಂಟ್ ಆಗಿರಬಹುದು. ಹತ್ತು ನಿಮಿಷ ಕಳೆದ ಮೇಲೆ ಅವರೇ ಬರೆಯುತ್ತಾರೆ: ‘25ರಿಂದ 37 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದಾಗ ಕಿಣ್ವದ ವೇಗ ಎರಡು ಪಟ್ಟಾಯಿತು.’ ಮುಂದಿನ ಪ್ಯಾರಾಕ್ಕೆ ಬರುವಾಗ ಆ ಪ್ರಶ್ನೆಗಳನ್ನು ತಾವೇ ಕೇಳಿಕೊಂಡು ಬಂದಿರುತ್ತಾರೆ. ಮೊದಲ ಪೇಪರ್‌ಗೆ ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಜೊತೆಗೆ ನಿಮ್ಮದೇ ಒಂದು ಹಳೆಯ ಪೇಪರ್‌ನ ಮೊದಲ ಡ್ರಾಫ್ಟ್, ರಿವ್ಯೂವರ್‌ಗಳು (ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸುವ ತಜ್ಞರು) ಬರೆದದ್ದು, ನೀವು ಕೊಟ್ಟ ಉತ್ತರ, ಮೂರನ್ನೂ ಓದಲು ಕೊಡಿ. ಅಚ್ಚಾದ ಪೇಪರ್‌ಗಳನ್ನಷ್ಟೇ ಓದಿದ ಮಕ್ಕಳು ಎಲ್ಲರೂ ಒಂದೇ ಸಲಕ್ಕೆ ಹೀಗೆ ಬರೆಯುತ್ತಾರೆ ಅಂದುಕೊಂಡು ಹೆದರಿಕೊಂಡಿರುತ್ತಾರೆ.

ಪ್ರಶ್ನೆ: ನಾನು ಪಿಎಚ್.ಡಿ. ಎರಡನೇ ವರ್ಷದಲ್ಲಿದ್ದೇನೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಚಾಟ್‌ಜಿಪಿಟಿ ಕೈಲಿ ಪೇಪರ್ ಬರೆಸಬಹುದಾ?

ಉತ್ತರ: ಬರೆಸಬೇಡಿ. ನೀವು ಬರೆದದ್ದರ ವ್ಯಾಕರಣ ಸರಿಮಾಡಿಸಿಕೊಳ್ಳುವುದು ಬೇರೆ, ಅದಕ್ಕೂ ಮೊದಲು ಆ ಜರ್ನಲ್‌ನ ನಿಯಮ ಓದಿ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ 2023ರಲ್ಲೇ ಹೇಳಿದೆ: ಇಂಥ ಸಾಧನವನ್ನು ಲೇಖಕ ಅಂತ ಹಾಕುವಂತಿಲ್ಲ, ಬರೆದದ್ದಕ್ಕೆ ಅದು ಹೊಣೆ ಹೊರಲಾರದು. ಬಳಸಿದ್ದರೆ ಪೇಪರ್ ಕಳಿಸುವಾಗಲೇ ತಿಳಿಸಬೇಕು. ಮೇಲೆ ಹೇಳಿದ ಕಿಣ್ವದ ಸಾಲನ್ನೇ ಅದಕ್ಕೆ ಕೊಟ್ಟು ನೋಡಿ. ಇಂಗ್ಲಿಷ್ ನುಣುಪಾಗುತ್ತದೆ, ಆದರೆ ಎಷ್ಟು ಡಿಗ್ರಿ, ಎಷ್ಟು ಪಟ್ಟು ಅನ್ನೋದು ನಿಮ್ಮ ನೋಟ್‌ಬುಕ್ಕಿನಲ್ಲೇ ಉಳಿದಿರುತ್ತದೆ. ಒರಟು ಇಂಗ್ಲಿಷ್ ಆದರೂ ಪರವಾಗಿಲ್ಲ, ಅಂಕಿಗಳ ಸಮೇತ ಮೊದಲು ನೀವೇ ಬರೆಯಿರಿ, ಗೈಡ್ ಹತ್ತಿರ ಕೂತು ತಿದ್ದಿಸಿಕೊಳ್ಳಿ. ಚಾಟ್‌ಜಿಪಿಟಿ ಕೊಡುವ ರೆಫರೆನ್ಸ್‌ಗಳನ್ನಂತೂ ಒಂದೊಂದಾಗಿ ಹುಡುಕಿ ತೆಗೆದು ಓದದೆ ಸೇರಿಸಬೇಡಿ. ಎಲ್ಲೂ ಇಲ್ಲದ ಪೇಪರ್‌ಗೂ ಅದು ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಹಾಕಿ ಕೊಟ್ಟುಬಿಡುತ್ತದೆ.