ಸಂಬಳದ ಜತೆ ಫ್ರೀಲಾನ್ಸ್ ಆದಾಯ: ಯಾವ ಫಾರ್ಮ್?
ಸಂಬಳದ ಜತೆ 2025-26ರಲ್ಲಿ ಸಾಫ್ಟ್‌ವೇರ್ ಕನ್ಸಲ್ಟಿಂಗ್‌ನಿಂದ 2,40,000 ಬಂದಿದೆ, ಕ್ಲೈಂಟ್ 10% ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ತೆರಿಗೆ) ಹಿಡಿದಿದ್ದಾರೆ, ಸಂಬಳದಾರರ ಸರಳ ರಿಟರ್ನ್ ಫಾರ್ಮ್ ಐಟಿಆರ್-1 ಸಾಕಾ ಅಂತ ಕೇಳಿದ್ದೀರಿ. ಸಾಲದು. ‘ಇತರ ಮೂಲ’ದಲ್ಲಿ ತೋರಿಸಿ ಐಟಿಆರ್-1 ಹಾಕುವವರು ಬಹಳ ಜನ. ಆದರೆ 26ಎಎಸ್ (ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ತೆರೆದು ನೋಡಿ, ಆ ಟಿಡಿಎಸ್ ಎದುರು 194ಜೆ ಅಂತಿರುತ್ತದೆ, ಅಂದರೆ ವೃತ್ತಿ ಶುಲ್ಕ. ತಾಳೆಯಾಗದೆ ನೋಟಿಸ್ ಬರುವುದು ಇಲ್ಲೇ.

ಐಟಿಆರ್-4ರಲ್ಲಿ 44ಎಡಿಎ ಆರಿಸಿ; ಇದು ವೃತ್ತಿಪರರು ಅಂದಾಜಿನ ಮೇಲೆ ಆದಾಯ ತೋರಿಸುವ ಸೆಕ್ಷನ್. ಬಂದ ಹಣದ ಅರ್ಧ, ಅಂದರೆ 1,20,000 ಆದಾಯ ತೋರಿಸಿದರೆ ಸಾಕು, ಖರ್ಚಿನ ಲೆಕ್ಕಪುಸ್ತಕ ಬೇಡ. ನೀವು 30% ಸ್ಲ್ಯಾಬ್ ಅಂದಿದ್ದೀರಿ: ಸೆಸ್ ಸೇರಿ ತೆರಿಗೆ 37,440. ಟಿಡಿಎಸ್ 24,000 ಕಳೆದರೆ ಬಾಕಿ 13,440. ಬಾಕಿ 10,000 ಮುಟ್ಟಿದರೆ ಮುಂಗಡ ತೆರಿಗೆ (ವರ್ಷ ಮುಗಿಯುವ ಮೊದಲೇ ಕಟ್ಟುವುದು) ಕಡ್ಡಾಯ. 44ಎಡಿಎಯವರಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ತಪ್ಪಿದರೆ ಬಡ್ಡಿ.

ಆದರೆ ಷೇರು ಮಾರಿ ಅಲ್ಪಾವಧಿ ಲಾಭ ಬಂದಿದ್ದರೆ ಐಟಿಆರ್-4 ಆಗಲ್ಲ, ಐಟಿಆರ್-3ಕ್ಕೆ ಹೋಗಬೇಕು.