ಅಪ್ಪನ ಹಳೇ ಕಂಪ್ಯೂಟರ್ ಬದಲಿಸಲೇಬೇಕಾ?

ಪ್ರಶ್ನೆ: ನಮ್ಮಪ್ಪನಿಗೆ 71 ವರ್ಷ. ಹಳೇ ಫೋಟೊ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಡುವುದು ಅವರ ಹವ್ಯಾಸ. ಅದಕ್ಕೆ ಇವತ್ತಿಗೂ ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರನ್ನೇ ಬಳಸುತ್ತಾರೆ. ನಾವು ಕೊಡಿಸಿದ ಲ್ಯಾಪ್‌ಟಾಪ್ ಡಬ್ಬದಿಂದ ಹೊರಗೇ ಬಂದಿಲ್ಲ. ಕೇಳಿದರೆ "ಇದು ಸರಿಯಾಗೇ ಇದೆಯಲ್ಲ" ಅನ್ನುತ್ತಾರೆ. ಇದು ಬರೀ ಹಠ ಅಲ್ವಾ? ಹೇಗೆ ತಿಳಿಹೇಳಲಿ?

ಉತ್ತರ: ತಿಳಿಹೇಳುವ ಮುಂಚೆ ಆ ಕಂಪ್ಯೂಟರಿನ ಹಿಂಭಾಗ ಒಮ್ಮೆ ನೋಡಿ. ಸ್ಕ್ಯಾನರಿನ ವಯರ್ ಎಲ್ಲಿಗೆ ಸೇರಿದೆ? ಅಗಲವಾದ, ತುಂಬಾ ಪಿನ್ನುಗಳಿರುವ ಕನೆಕ್ಟರ್ ಕಂಡರೆ, ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇರುವುದಿಲ್ಲ. ಆ ಕಾಲದ ಒಳ್ಳೆಯ ಫಿಲ್ಮ್ ಸ್ಕ್ಯಾನರುಗಳಲ್ಲಿ ಹಲವು ಹಾಗೇ ಇದ್ದವು.

ನಾನು 20 ವರ್ಷಕ್ಕೂ ಜಾಸ್ತಿ ಪ್ರಯೋಗಾಲಯಗಳ ಕಂಪ್ಯೂಟರ್ ನೋಡಿಕೊಂಡವನು. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತಾಗ, ಎಲ್ಲವನ್ನೂ ಬದಲಿಸಿ ಎಂದು ಮೇಲಿನಿಂದ ಹೇಳಿಕೆ ಬಂತು. ದ್ರಾವಣದ ಮೂಲಕ ಬೆಳಕು ಹಾಯಿಸಿ ಅಳೆಯುವ ಒಂದು ಉಪಕರಣ ಅಲ್ಲಿತ್ತು. ಅದಕ್ಕೆ ಜೋಡಿಸಿದ್ದ ಕಂಪ್ಯೂಟರಿಗೂ ಹೊಸ ಡಿಸ್ಕ್ ಕೂರಿಸಿ ವಿಂಡೋಸ್ 7 ಹಾಕಿದೆ. ಕಂಪ್ಯೂಟರ್ ಚೆನ್ನಾಗಿ ಓಡಿತು, ಉಪಕರಣ ಮಾತ್ರ ಅಲುಗಾಡಲಿಲ್ಲ. ಅದನ್ನು ತಯಾರಿಸಿದ ಕಂಪನಿ ಮುಚ್ಚಿ ವರ್ಷಗಳೇ ಆಗಿದ್ದವು. ಹೊಸ ಡ್ರೈವರ್ ಬರೆದುಕೊಡುವವರು ಯಾರೂ ಇರಲಿಲ್ಲ. ಮೂರು ವಾರ ಹುಡುಕಿದೆ, ಅಷ್ಟೂ ದಿನ ಅಲ್ಲಿನ ಕೆಲಸ ನಿಂತಿತ್ತು. ಕೊನೆಗೆ ಎತ್ತಿಟ್ಟಿದ್ದ ಹಳೇ ಡಿಸ್ಕನ್ನೇ ಮತ್ತೆ ಜೋಡಿಸಿದೆ. ದಿನಾ ಅದರ ಮುಂದೆ ಕೂತು ಕೆಲಸ ಮಾಡುತ್ತಿದ್ದ ಹೆಂಗಸನ್ನು ನಾನು ಮೊದಲೇ ಒಂದು ಮಾತು ಕೇಳಬೇಕಿತ್ತು. ಆ ಬೇಸರ ಇವತ್ತಿಗೂ ಇದೆ.

ಡ್ರೈವರ್ ಅಂದರೆ ಕಂಪ್ಯೂಟರಿಗೂ ಯಂತ್ರಕ್ಕೂ ನಡುವೆ ನಿಂತ ದುಭಾಷಿ. ಎಕ್ಸ್‌ಪಿ ಕಾಲದ ಹೆಚ್ಚಿನ ಡ್ರೈವರುಗಳು 32-ಬಿಟ್ ಎಂಬ ಹಳೇ ಬಗೆಯ ವಿಂಡೋಸಿಗೆ ಬರೆದವು. ಅವು 64-ಬಿಟ್ ಎಂಬ ಹೊಸ ಬಗೆಯ ವಿಂಡೋಸಿನಲ್ಲಿ ನಡೆಯುವುದೇ ಇಲ್ಲ. ವಿಂಡೋಸ್ 11 ಬರುವುದೋ 64-ಬಿಟ್‌ನಲ್ಲಿ ಮಾತ್ರ. ಹಾಗಾಗಿ ನಿಮ್ಮ ತಂದೆಯವರು ಕಾಪಾಡಿಕೊಳ್ಳುತ್ತಿರುವುದು ಎಕ್ಸ್‌ಪಿಯನ್ನಲ್ಲ, ಸ್ಕ್ಯಾನರನ್ನು. ಹಳೇ ಸಿಸ್ಟಮ್ ಬಿಡದವರಲ್ಲಿ ಬಹಳ ಜನರ ಕತೆ ಇದೇ. ಲೇತ್ ಓಡಿಸುವವರು, ಕಸೂತಿ ಯಂತ್ರ ನಡೆಸುವವರು, ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯವರು. ಯಂತ್ರ 25 ವರ್ಷ ಬಾಳುತ್ತದೆ, ಅದರ ಪಕ್ಕದ ಕಂಪ್ಯೂಟರಿಗೆ ಮಾತ್ರ ಹತ್ತೇ ವರ್ಷಕ್ಕೆ ವಯಸ್ಸಾಯಿತು ಅನ್ನುತ್ತಾರೆ.

ಹಾಗಂತ ನಿಮ್ಮ ಆತಂಕ ಸುಮ್ನೆ ಅಲ್ಲ. 2015ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಓರ್ಲಿ ವಿಮಾನ ನಿಲ್ದಾಣದಲ್ಲಿ ವಿಮಾನಗಳ ಹಾರಾಟ ನಿಂತಿತು. ಪೈಲಟ್‌ಗಳಿಗೆ ಹವಾಮಾನದ ಮಾಹಿತಿ ಕೊಡುವ ವ್ಯವಸ್ಥೆ ಕೆಟ್ಟಿತ್ತು, ಅದು ಎಕ್ಸ್‌ಪಿಗಿಂತಲೂ ಹಳೆಯದಾದ ವಿಂಡೋಸ್ 3.1ರಲ್ಲಿ ನಡೆಯುತ್ತಿತ್ತು. ಇನ್ನು 2017ರ ಮೇ ತಿಂಗಳ ವಾನಾಕ್ರೈ ದಾಳಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸಿನದು. ಅದು ನೆಟ್‌ವರ್ಕ್ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಡಿತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವನ್ನೇ ಕೆಡಿಸಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಬಂದಿತ್ತು. ಸಿಕ್ಕಿಬಿದ್ದದ್ದರಲ್ಲಿ ಹೆಚ್ಚಿನವು ಎಕ್ಸ್‌ಪಿ ಅಲ್ಲ, ಅಪ್‌ಡೇಟ್ ಹಾಕದೆ ಬಿಟ್ಟ ವಿಂಡೋಸ್ 7 ಕಂಪ್ಯೂಟರುಗಳು. ಅಪ್‌ಡೇಟ್ ಇಲ್ಲದ ಸಿಸ್ಟಮ್ ನೆಟ್‌ವರ್ಕಿಗೆ ಸೇರಿಕೊಂಡಿದ್ದರೆ ನನಗೆ ಭಯ. ಒಂಟಿಯಾಗಿ ಮೇಜಿನ ಮೇಲೆ ಕೂತಿದ್ದರೆ ಅಷ್ಟು ಭಯವಿಲ್ಲ.

ಆದ್ದರಿಂದ ಮೊದಲು ಆ ಕಂಪ್ಯೂಟರಿನ ಇಂಟರ್ನೆಟ್ ವಯರ್ ಕಿತ್ತುಬಿಡಿ. ಬ್ಯಾಂಕು, ಇಮೇಲ್ ಎಲ್ಲ ಹೊಸ ಲ್ಯಾಪ್‌ಟಾಪಿನಲ್ಲಿ ನಡೆಯಲಿ. ಸ್ಕ್ಯಾನ್ ಮಾಡಿದ ಫೋಟೊಗಳು ಪೆನ್‌ಡ್ರೈವ್‌ನಲ್ಲಿ ಇಲ್ಲಿಂದ ಅಲ್ಲಿಗೆ ಹೋಗಲಿ. ಆ ಪೆನ್‌ಡ್ರೈವನ್ನು ಬೇರೆ ಯಾವ ಕೆಲಸಕ್ಕೂ ಬಳಸಬೇಡಿ.

ವೈರಸ್ಸಿಗಿಂತ ನನಗೆ ಜಾಸ್ತಿ ಚಿಂತೆ ಅದರ ಹಾರ್ಡ್ ಡಿಸ್ಕಿನದು. ಅಷ್ಟು ಹಳೇ ಡಿಸ್ಕ್ ಯಾವ ದಿನ ಬೇಕಾದರೂ ನಿಲ್ಲಬಹುದು. ಫೈಲುಗಳನ್ನಷ್ಟೇ ಕಾಪಿ ಮಾಡಿದರೆ ಸಾಲದು, ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬೇಕು. ಅದಕ್ಕೆ ಕ್ಲೋನಿಂಗ್ ಅನ್ನುತ್ತಾರೆ. ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶವಿದೆ, ಕಂಪ್ಯೂಟರ್ ರಿಪೇರಿ ಮಾಡುವ ಯಾರಾದರೂ ಮಾಡಿಕೊಡುತ್ತಾರೆ. ಸ್ಕ್ಯಾನರಿನ ಜೊತೆ ಬಂದ ಸಿಡಿ ಇನ್ನೂ ಇದ್ದರೆ ಅದರದ್ದೂ ಒಂದು ಪ್ರತಿ ಇರಲಿ. ಗಡಿಯಾರ ಪದೇ ಪದೇ ತಪ್ಪು ತೋರಿಸುತ್ತಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಬದಲಿಸಿ.

ಒಂದು ವೇಳೆ ಸ್ಕ್ಯಾನರ್ ಯುಎಸ್‌ಬಿಯದಾಗಿದ್ದರೆ ದಾರಿ ಸುಲಭ. ಕಂಪನಿ ಕೈಬಿಟ್ಟ ನೂರಾರು ಸ್ಕ್ಯಾನರುಗಳನ್ನು ವ್ಯೂಸ್ಕ್ಯಾನ್ ಎಂಬ ತಂತ್ರಾಂಶ ಹೊಸ ಸಿಸ್ಟಮ್‌ಗಳಲ್ಲೂ ನಡೆಸುತ್ತದೆ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಸಿಸ್ಟಮ್ ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಸೇನ್ ಎಂಬುದೂ ಇದೆ. ಆಗ ಲ್ಯಾಪ್‌ಟಾಪ್ ಡಬ್ಬ ತೆಗೆಯಲು ಅಪ್ಪನಿಗೇ ಒಂದು ಕಾರಣ ಸಿಗುತ್ತದೆ. ಆದರೆ ಹೊಸದರಲ್ಲಿ ಬರುವ ಬಣ್ಣ ಅವರಿಗೆ ಒಪ್ಪಿಗೆಯಾಗುವವರೆಗೆ ಹಳೆಯದನ್ನು ಎತ್ತಬೇಡಿ. ನೆಗೆಟಿವ್‌ನ ಬಣ್ಣ ಸರಿಮಾಡುವುದು ವರ್ಷಗಳಿಂದ ಪಳಗಿದ ಕೈಯ ಕೆಲಸ.

ಸ್ಕ್ಯಾನರಿನ ತಳದಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಬರೆದು ಕಳಿಸಿ, ಯಾವ ದಾರಿ ಆಗುತ್ತದೆ ನೋಡೋಣ. ಅಷ್ಟರೊಳಗೆ ಡಿಸ್ಕಿನ ಕ್ಲೋನ್ ಮಾತ್ರ ಈ ವಾರವೇ ಮಾಡಿಸಿ.